ಅಡೆಲಾಗೆ ಊಟ ಆಗಿಲ್ಲ, ಕಮಿಷನರ್‌ದು ಮಾತ್ರ ಮುಗಿಯುತ್ತಲೇ ಇಲ್ಲ

ತಲೆಕೆಡಿಸಿಕೊಳ್ಳದೆ ನಗೋಕೆ ಒಂದು ಪತ್ತೇದಾರಿ ಸಿನಿಮಾ ಹೇಳಿ ಅಂದರೆ ನನ್ನ ಬಾಯಿಗೆ ಮೊದಲು ಬರುವುದು 1978ರ ಈ ಜೆಕ್ ಸಿನಿಮಾ, 'ಅಡೆಲಾಗೆ ಇನ್ನೂ ಊಟ ಆಗಿಲ್ಲ'. ನಿರ್ದೇಶಕ ಓಲ್ಡ್ರಿಖ್ ಲಿಪ್ಸ್ಕಿ, ಬರೆದವರು ಯಿರ್ಷಿ ಬ್ರ್ದೆಚ್ಕಾ.

ನಿಕ್ ಕಾರ್ಟರ್ ಗೊತ್ತಲ್ವಾ? 1886ರಿಂದ ಅಮೆರಿಕದ ಅಗ್ಗದ ಪತ್ರಿಕೆಗಳ ಕತೆಗಳಲ್ಲಿ ಮೆರೆದ ಪತ್ತೇದಾರ. ಅವನನ್ನು ಇವರು ಎತ್ತಿಕೊಂಡು ಬಂದು ನೂರು ವರ್ಷಕ್ಕೂ ಹಿಂದಿನ ಪ್ರಾಗ್ ನಗರದಲ್ಲಿ ಬಿಟ್ಟಿದ್ದಾರೆ. ಜಗತ್ತಿನ ನಂಬರ್ ಒನ್ ಪತ್ತೇದಾರ, ಮೈತುಂಬ ಉಪಕರಣ, ಸಮುದ್ರ ದಾಟಿ ಬಂದು ನೋಡಿದರೆ ಕೇಸ್ ಏನು? ಒಬ್ಬ ಕೌಂಟೆಸ್ ಮನೆಯ ನಾಯಿ ಕಾಣೆಯಾಗಿದೆ!

ಜೊತೆಗೆ ಸಿಕ್ಕವನು ಲೋಕಲ್ ಪೊಲೀಸ್ ಕಮಿಷನರ್ ಲೆಡ್ವಿನಾ. ದಪ್ಪ ಮೈ, ನಿಧಾನದ ಆಸಾಮಿ. ಊರಿಗೆ ಬಂದ ಅತಿಥಿಗೆ ಮೊದಲು ಬಿಯರ್, ಸಾಸೇಜ್, ಆಮೇಲೆ ತನಿಖೆ. ಕಾರ್ಟರ್ ಸುಳಿವು ಹುಡುಕುತ್ತಾನೆ, ಇವನು ಹೋಟೆಲ್ ಹುಡುಕುತ್ತಾನೆ. ನನಗೆ ಇವನೇ ಇಷ್ಟ. ಹೀರೋ ಎಷ್ಟು ಗಂಭೀರವಾಗಿ ನಿಂತರೂ ಪಕ್ಕದಲ್ಲಿ ಇವನು ಅಗಿಯುತ್ತಿದ್ದರೆ ಆ ಗತ್ತು ಎಲ್ಲಿ ಉಳಿಯುತ್ತೆ ಹೇಳಿ.

ಅಡೆಲಾ ಯಾರು ಅಂದ್ರಾ? ಮಾಂಸ ತಿನ್ನುವ ಗಿಡ. ಸಂಗೀತಗಾರ ಮೊಜಾರ್ಟ್‌ದು ಎನ್ನುವ ಜೋಗುಳ ಹಾಕಿದರೆ ಮಕ್ಕಳು ಮಲಗಬಹುದು, ಇದು ಮಾತ್ರ ಹಸಿದು ಬಾಯಿ ತೆರೆಯುತ್ತೆ. ನಾಯಿ ಎಲ್ಲಿ ಹೋಯಿತು ಅಂತ ನಿಮಗೆ ಈಗಲೇ ಹೊಳೆದಿರಬೇಕು, ಪರವಾಗಿಲ್ಲ, ಇಲ್ಲಿ ಸಸ್ಪೆನ್ಸ್ ಯಾರಿಗೂ ಬೇಕಾಗಿಲ್ಲ. ಈ ಗಿಡ ಸಾಕಿದ ವಿಲನ್ ಸಿಟ್ಟಿನ ಕಾರಣ ಕೇಳಿ: ಓದುವ ಕಾಲದಲ್ಲಿ ಮೇಷ್ಟ್ರು ಇವನನ್ನು ಸಸ್ಯಶಾಸ್ತ್ರದಲ್ಲಿ ಫೇಲ್ ಮಾಡಿದ್ದರಂತೆ. ಅಷ್ಟಕ್ಕೇ ಇಷ್ಟೆಲ್ಲ.

ಆ ಗಿಡಕ್ಕೆ ಜೀವ ಕೊಟ್ಟವರು ಜೆಕ್ ಆ್ಯನಿಮೇಷನ್ ನಿರ್ದೇಶಕ ಯಾನ್ ಶ್ವಾಂಕ್ಮಾಯೆರ್. ಅವರ ಹೆಸರು ಕೇಳಿದವರಿಗೆ ಗೊತ್ತು, ಅವರ ಕೈಗೆ ಸಿಕ್ಕ ಸಾಮಾನು ಸುಮ್ನೆ ಕೂರುವುದಿಲ್ಲ, ನಮ್ಮನ್ನೇ ತಿನ್ನೋ ಹಾಗೆ ನೋಡುತ್ತೆ. ಆ ಹೊತ್ತಿಗೆ ಕಮ್ಯುನಿಸ್ಟ್ ಸರ್ಕಾರ ಅವರಿಗೆ ಸ್ವಂತ ಸಿನಿಮಾ ಮಾಡಲು ಬಿಡುತ್ತಿರಲಿಲ್ಲ, ಹಾಗಾಗಿ ಬೇರೆಯವರ ಸಿನಿಮಾಗಳಿಗೆ ಇಂಥ ಕೆಲಸ ಮಾಡುತ್ತಿದ್ದರು. ನಮಗೆ ಲಾಭವೇ ಆಯ್ತು ಬಿಡಿ.

ಕೊನೆಯ ಬೆನ್ನಟ್ಟುವ ಭಾಗ ಸ್ವಲ್ಪ ಎಳೆದ ಹಾಗನಿಸಿತು. ಆದರೆ ಲೆಡ್ವಿನಾ ಪಾತ್ರದ ರುಡೊಲ್ಫ್ ಹ್ರುಶಿನ್ಸ್ಕಿಗಾಗಿ ಕೂತೆ. 1969ರ 'ದಿ ಕ್ರಿಮೇಟರ್' ಸಿನಿಮಾದಲ್ಲಿ ಹೆಣ ಸುಡುವವನಾಗಿ ಬೆನ್ನಲ್ಲಿ ಚಳಿ ಹುಟ್ಟಿಸಿದವರು ಇವರೇ ಅಂದರೆ ನಂಬೋದು ಕಷ್ಟ. ಎರಡನ್ನೂ ನೋಡಿ, ಆದರೆ ಒಂದೇ ರಾತ್ರಿ ಬೇಡ.