ಹತ್ತು ಪದಕ, ಮೂರು ಮನೆತನ

1980ರಲ್ಲಿ ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ನ ಪದಕ ಪಟ್ಟಿಯನ್ನು ಈಗ ತೆಗೆದು ನೋಡಿದರೂ ಆರನೆಯ ಸಾಲಿಗೆ ಬಂದಾಗ ಕಣ್ಣು ತಡೆಯುತ್ತದೆ. ಸೋವಿಯತ್ ಒಕ್ಕೂಟ, ಪೂರ್ವ ಜರ್ಮನಿ, ಅಮೆರಿಕ, ಆಸ್ಟ್ರಿಯಾ ಮತ್ತು ಸ್ವೀಡನ್‌ಗಳ ಕೆಳಗೆ, ಹಿಮಕ್ರೀಡೆಗೆ ಹೆಸರಾದ ಫಿನ್ಲೆಂಡ್, ನಾರ್ವೆ, ಸ್ವಿಟ್ಜರ್ಲೆಂಡ್‌ಗಳಿಗಿಂತ ಮೇಲೆ ಲಿಕ್ಟೆನ್‌ಸ್ಟೈನ್ ಎಂಬ ಹೆಸರಿದೆ. ಎರಡು ಚಿನ್ನ, ಎರಡು ಬೆಳ್ಳಿ. ಈ ನಾಲ್ಕನ್ನೂ ಗೆದ್ದವರು ಒಂದೇ ಮನೆಯ ಅಕ್ಕ ಮತ್ತು ತಮ್ಮ: ಹನ್ನಿ ವೆನ್ಜೆಲ್ ಕಂಬಗಳ ನಡುವೆ ತಿರುಗುತ್ತ ಇಳಿಯುವ ಸ್ಲಾಲಮ್ ಮತ್ತು ಜೈಂಟ್ ಸ್ಲಾಲಮ್ ಎಂಬ ಸ್ಕೀ ಸ್ಪರ್ಧೆಗಳಲ್ಲಿ ಚಿನ್ನವನ್ನೂ ಅತಿ ವೇಗದ ಇಳಿತವಾದ ಡೌನ್‌ಹಿಲ್‌ನಲ್ಲಿ ಬೆಳ್ಳಿಯನ್ನೂ ಪಡೆದರೆ, ಆಂಡ್ರೆಯಾಸ್ ವೆನ್ಜೆಲ್ ಜೈಂಟ್ ಸ್ಲಾಲಮ್‌ನಲ್ಲಿ ಬೆಳ್ಳಿ ಪಡೆದರು. ಅದೇ ಋತುವಿನ ಸ್ಕೀ ವಿಶ್ವಕಪ್‌ನ ಸಮಗ್ರ ಪ್ರಶಸ್ತಿಗಳೂ, ಮಹಿಳೆಯರದು ಮತ್ತು ಪುರುಷರದು ಎರಡೂ, ಈ ಇಬ್ಬರ ಪಾಲಾದವು.

ಲಿಕ್ಟೆನ್‌ಸ್ಟೈನ್ ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾಗಳ ನಡುವೆ ಇರುವ, 160 ಚದರ ಕಿ.ಮೀ. ವಿಸ್ತೀರ್ಣದ ದೇಶ, ಅಂದರೆ ನಮ್ಮ ಚಿಕ್ಕಬಳ್ಳಾಪುರ ತಾಲ್ಲೂಕಿಗಿಂತಲೂ ಚಿಕ್ಕದು. ಅಲ್ಲಿನ ಜನಸಂಖ್ಯೆ ಸುಮಾರು 40 ಸಾವಿರ. 2011ರ ಜನಗಣತಿಯ ಹೊತ್ತಿಗೇ ಚಿಕ್ಕಬಳ್ಳಾಪುರ ಪಟ್ಟಣವೊಂದರಲ್ಲೇ 60 ಸಾವಿರಕ್ಕೂ ಮೀರಿದ ಜನರಿದ್ದರು. ಚಳಿಗಾಲದ ಒಲಿಂಪಿಕ್ಸ್ ಬಂದಾಗಲೆಲ್ಲ ತಲಾ ಪದಕಗಳ ಲೆಕ್ಕದ ಪಟ್ಟಿಯೊಂದು ಫೋನಿನಿಂದ ಫೋನಿಗೆ ಹರಿದಾಡುತ್ತದೆ, ಅದರಲ್ಲಿ ಲಿಕ್ಟೆನ್‌ಸ್ಟೈನ್ ಮೇಲಿನ ಸಾಲಿನಲ್ಲೇ ಇರುತ್ತದೆ. ನಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಅದು ಬಂದಾಗ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು, "ನಲವತ್ತು ಸಾವಿರ ಜನ ಇಷ್ಟು ಮಾಡ್ತಾರೆ, ನೂರ ನಲವತ್ತು ಕೋಟಿ ಜನ ನಾವೇನು ಮಾಡ್ತಿದ್ದೀವಿ ಸಾರ್?" ಎಂದು ಕೇಳಿದ್ದರು. ಅವರ ಬೇಸರ ನನಗೂ ಅರ್ಥವಾಗುತ್ತದೆ, ಆದರೆ ಆ ಪಟ್ಟಿಯ ಬಗ್ಗೆ ನನಗೆ ಹೆಚ್ಚಿನ ಗೌರವವಿಲ್ಲ. ಪದಕವನ್ನು ಜನಸಂಖ್ಯೆಯಿಂದ ಭಾಗಿಸಿದರೆ ಬೆರಗು ಹುಟ್ಟುತ್ತದೆಯೇ ಹೊರತು ಕಾರಣ ತಿಳಿಯುವುದಿಲ್ಲ.

ಕಾರಣ ಬೇಕೆಂದರೆ ಪದಕಗಳನ್ನು ಒಂದೊಂದಾಗಿ ನೋಡಬೇಕು. ಈ ದೇಶ ಚಳಿಗಾಲದ ಒಲಿಂಪಿಕ್ಸ್‌ಗೆ ಮೊದಲು ಬಂದದ್ದು 1936ರಲ್ಲಿ. ಅಲ್ಲಿಂದ ನಲವತ್ತು ವರ್ಷ ಒಂದೂ ಪದಕವಿಲ್ಲ. 1976ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಹನ್ನಿ ವೆನ್ಜೆಲ್ ಮತ್ತು ವಿಲ್ಲಿ ಫ್ರೊಮೆಲ್ಟ್ ಇಬ್ಬರೂ ಸ್ಲಾಲಮ್ ಕಂಚು ಗೆದ್ದರು. ನಾಲ್ಕು ವರ್ಷಗಳ ಬಳಿಕ ಲೇಕ್ ಪ್ಲಾಸಿಡ್. 1984ರ ಸರಾಯೆವೊದಲ್ಲಿ ಹನ್ನಿಗೆ ಸ್ಪರ್ಧಿಸಲು ಅವಕಾಶವೇ ಸಿಗಲಿಲ್ಲ. ಪ್ರಚಾರದ ಹಣವನ್ನು ತಮ್ಮ ಸ್ಕೀ ಒಕ್ಕೂಟದ ಮೂಲಕವಲ್ಲದೆ ನೇರವಾಗಿ ಪಡೆದರೆಂಬ ಕಾರಣಕ್ಕೆ ಅವರನ್ನೂ ಸ್ವೀಡನ್ನಿನ ಸ್ಕೀಪಟು ಇಂಗೆಮಾರ್ ಸ್ಟೆನ್‌ಮಾರ್ಕ್ ಅವರನ್ನೂ ಹೊರಗಿಡಲಾಗಿತ್ತು. (ಇಂದಿನ ಕ್ರೀಡಾಪಟುಗಳ ಜಾಹೀರಾತುಗಳನ್ನು ನೋಡುವವರಿಗೆ ಈ ನಿಯಮ ನಂಬಲಾಗದಂತೆ ಕಾಣಬಹುದು.) ಆ ಸಲ ಉರ್ಸುಲಾ ಕೊನ್ಜೆಟ್ ಮತ್ತು ಆಂಡ್ರೆಯಾಸ್ ತಲಾ ಒಂದು ಕಂಚು ತಂದರು. 1988ರಲ್ಲಿ ಕ್ಯಾಲ್ಗರಿಯಲ್ಲಿ ವಿಲ್ಲಿಯ ಸಹೋದರ ಪಾಲ್ ಫ್ರೊಮೆಲ್ಟ್ ಸ್ಲಾಲಮ್ ಕಂಚು ಗೆದ್ದರು. ಆಮೇಲೆ ಮೂವತ್ತು ವರ್ಷ ಮತ್ತೆ ಬರಿಗೈ. 2018ರಲ್ಲಿ ಹತ್ತನೆಯ ಪದಕ ತಂದ ಟೀನಾ ವೈರಾಥರ್, ಹನ್ನಿಯ ಮಗಳು.

ಹೀಗೆ ಹತ್ತರಲ್ಲಿ ಏಳು ಒಂದೇ ಕುಟುಂಬದವು, ಎರಡು ಇನ್ನೊಂದು ಮನೆಯ ಅಣ್ಣತಮ್ಮಂದಿರವು, ಉಳಿದದ್ದು ಒಂದು. ಹತ್ತೂ ಬೆಟ್ಟದ ಇಳಿಜಾರಿನಲ್ಲಿ ಇಳಿಯುವ ಆಲ್ಪೈನ್ ಸ್ಕೀಯಿಂಗ್ ಒಂದರಿಂದಲೇ ಬಂದವು. ಬೇಸಿಗೆಯ ಒಲಿಂಪಿಕ್ಸ್‌ನಲ್ಲಿ ಈ ದೇಶಕ್ಕೆ ಇಂದಿಗೂ ಪದಕವಿಲ್ಲ. ದೇಶ ಸಣ್ಣದಾಗಿರುವುದೇ ಗೆಲುವಿನ ಗುಟ್ಟಾಗಿದ್ದರೆ ಮೊದಲಿನ ನಲವತ್ತು ವರ್ಷ, ನಡುವಿನ ಮೂವತ್ತು ವರ್ಷ ಹೀಗೆ ಬರಿದಾಗುತ್ತಿರಲಿಲ್ಲ.

ಸಣ್ಣ ದೇಶಕ್ಕೆ ಇರುವ ಅನುಕೂಲ ಬೇರೆಯದು. ಮಾಲ್ಬುನ್ ಎಂಬ ಅದರ ಸ್ಕೀ ತಾಣ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ನಮ್ಮ ನಂದಿ ಬೆಟ್ಟದ ಎತ್ತರ 1,478 ಮೀಟರ್, ಅಂತರ ಅಷ್ಟೇನೂ ಇಲ್ಲ. ಆದರೆ ಮಾಲ್ಬುನ್ 47ನೇ ಅಕ್ಷಾಂಶದಲ್ಲಿದೆ, ನಾವು 13ರಲ್ಲಿದ್ದೇವೆ. ನಂದಿಯಲ್ಲಿ ಮುಂಜಾನೆಯ ಮಂಜನ್ನು ನೋಡಲು ಕಾರುಗಳು ಸಾಲುಗಟ್ಟಿದರೆ, ಅಲ್ಲಿ ಇಡೀ ಚಳಿಗಾಲ ಹಿಮ ಬಿದ್ದಿರುತ್ತದೆ. ದೇಶದ ಉದ್ದವೇ ಸುಮಾರು 25 ಕಿ.ಮೀ. ಆದ್ದರಿಂದ ಯಾವ ಊರಿನ ಮಗುವಿಗೂ ಆ ಇಳಿಜಾರು ದೂರವಲ್ಲ. ಅಲ್ಲಿಗೆ ಮುಗಿಯದ ತರಬೇತಿಗೆ ನೆರೆಯ ದೇಶವಿದೆ: ಟೀನಾ ಅಭ್ಯಾಸ ಮಾಡುತ್ತಿದ್ದುದು ಸ್ವಿಸ್ ತಂಡದೊಂದಿಗೆ.

ಈ ಸಂಗತಿಯನ್ನು ತಿಳಿದು 2018ರ ಪ್ಯೋಂಗ್‌ಚಾಂಗ್ ಒಲಿಂಪಿಕ್ಸ್‌ನ, ಸೂಪರ್-ಜಿ ಎಂಬ ವೇಗದ ಸ್ಕೀ ಸ್ಪರ್ಧೆಯ ಫಲಿತಾಂಶವನ್ನು ಓದಬೇಕು. ಸೂಪರ್-ಜಿಯಲ್ಲಿ ಡೌನ್‌ಹಿಲ್‌ನಂತೆ ಮೊದಲೇ ಇಳಿದು ಅಭ್ಯಾಸ ಮಾಡುವ ಅವಕಾಶವಿರುವುದಿಲ್ಲ. ಸ್ಪರ್ಧೆಯ ದಿನ ಹಾದಿಯನ್ನು ಪರಿಶೀಲಿಸಿ, ಒಂದೇ ಬಾರಿ ಇಳಿಯಬೇಕು. ಚೆಕ್ ಗಣರಾಜ್ಯದ ಎಸ್ಟರ್ ಲೆಡೆಟ್ಸ್ಕಾ ಚಿನ್ನ ಗೆದ್ದರು, ಅವರಿಗಿಂತ 0.11 ಸೆಕೆಂಡ್ ಹಿಂದೆ ಉಳಿದ ಟೀನಾ ಮೂರನೆಯವರಾದರು. ಅವರಿಂದ ಬರೀ 0.01 ಸೆಕೆಂಡಿನಲ್ಲಿ ಪದಕ ತಪ್ಪಿಸಿಕೊಂಡವರು ಸ್ವಿಟ್ಜರ್ಲೆಂಡಿನ ಲಾರಾ ಗುಟ್. ತಾನು ಜೊತೆಗಿಟ್ಟುಕೊಂಡು ಬೆಳೆಸಿದ ನೆರೆಮನೆಯ ಹುಡುಗಿಗೇ ಸ್ವಿಸ್ ತಂಡ ಕಂಚನ್ನು ಬಿಟ್ಟುಕೊಟ್ಟಂತಾಯಿತು. ಗಾಯದಿಂದಾಗಿ 2010 ಮತ್ತು 2014ರ ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಲಾಗದಿದ್ದ ಟೀನಾ 2020ರಲ್ಲಿ ನಿವೃತ್ತರಾದರು.

ಮೇಷ್ಟ್ರ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟೇ: ಲಿಕ್ಟೆನ್‌ಸ್ಟೈನನ್ನು ಇಡೀ ಭಾರತದ ಜೊತೆ ಹೋಲಿಸಬೇಡಿ, ಕಾಶ್ಮೀರದ ಸ್ಕೀ ತಾಣವಾದ ಗುಲ್ಮಾರ್ಗ್‌ನ ಜೊತೆ ಹೋಲಿಸಿ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿದ್ದ ಆರಿಫ್ ಖಾನ್ ಗುಲ್ಮಾರ್ಗ್‌ನ ಹತ್ತಿರದವರು, ಅವರ ತಂದೆ ಅಲ್ಲೇ ಸ್ಕೀ ಸಾಮಾನುಗಳ ಅಂಗಡಿ ನಡೆಸುತ್ತಿದ್ದವರು. ಇಳಿಜಾರು ಹತ್ತಿರವಿತ್ತು, ಮನೆಯಲ್ಲಿ ಸ್ಕೀ ಇತ್ತು, ಕಲಿಸುವವರೂ ಇದ್ದರು. ಜೈಂಟ್ ಸ್ಲಾಲಮ್‌ನಲ್ಲಿ ಅವರು 45ನೆಯವರಾದರು.