ಚಳಿಯಲ್ಲಿ ಫೋಕಸ್ ಸಿಗದಿದ್ದರೆ ಲೆನ್ಸ್ ಬಿಚ್ಚಿಸಲು ಓಡಬೇಡಿ

ನಾನು ಬೆಂಗಳೂರಿನಲ್ಲಿ ಕ್ಯಾಮೆರಾ, ಲೆನ್ಸ್ ರಿಪೇರಿ ಮಾಡುವವನು. ಮಾರ್ಚ್ ಬಂತೆಂದರೆ ನನ್ನ ಟೇಬಲ್ ಮೇಲೆ ಒಂದೇ ಥರದ ದೂರು. "ಸರ್, ಹಿಮ ಚಿರತೆ ನೋಡೋಕೆ ಹಿಮಾಚಲದ ಸ್ಪಿತಿಗೆ ಹೋಗಿದ್ದೆ. ಅಲ್ಲಿ ಆಟೋಫೋಕಸ್ ಕೈಕೊಟ್ಟುಬಿಡ್ತು." ಎಲ್ಲ ದೊಡ್ಡ ಲೆನ್ಸ್‌ಗಳು, 500 ಎಂಎಂ, 600 ಎಂಎಂ. ಕ್ಯಾಮೆರಾಗೆ ಹಾಕಿ ನೋಡಿದರೆ ಹೆಚ್ಚಿನವುಗಳಲ್ಲಿ ಏನೂ ತಕರಾರಿರುವುದಿಲ್ಲ. ಅವರಿಗೆ ನನ್ನ ಮೇಲೆ ಅನುಮಾನ, ನನಗೆ ಅವರ ಮೇಲೆ.

ಆಮೇಲೆ ನಾನೂ ಫೆಬ್ರವರಿಯಲ್ಲಿ ಒಂದು ತಂಡದ ಜೊತೆ ಸ್ಪಿತಿಯ ಕಿಬ್ಬರ್‌ಗೆ ಹೋಗಲು ಶುರುಮಾಡಿದೆ. ಯಾರದ್ದಾದರೂ ಕ್ಯಾಮೆರಾ ನಿಂತರೆ ನೋಡಿಕೊಳ್ಳುವುದು ನನ್ನ ಕೆಲಸ. ಊರು 4,200 ಮೀಟರ್‌ಗಿಂತ ಎತ್ತರದಲ್ಲಿದೆ. ರಾತ್ರಿ ಮೈನಸ್ 20 ಡಿಗ್ರಿಗೂ ಕೆಳಗೆ ಇಳಿಯುವುದು ಅಲ್ಲಿ ಸಾಮಾನ್ಯ. ಬಹಳಷ್ಟು ಕ್ಯಾಮೆರಾಗಳ ಮ್ಯಾನ್ಯುಯಲ್‌ನಲ್ಲಿ 0ರಿಂದ 40 ಡಿಗ್ರಿ ಅಂತ ಬರೆದಿರುತ್ತಾರೆ. ನಿಕಾನ್ ಝಡ್9ಗೆ ಮೈನಸ್ 10ರವರೆಗೆ. ಅದಕ್ಕಿಂತ ಕೆಳಗೆ ಕೆಲಸವೇ ಮಾಡುವುದಿಲ್ಲ ಅಂತಲ್ಲ, ಕಂಪನಿ ಮಾತು ಕೊಡುವುದಿಲ್ಲ ಅಷ್ಟೇ.

ಅಲ್ಲಿ ನಿಂತು ನೋಡಿದ ಮೇಲೆ ನನಗೆ ಖಚಿತವಾದದ್ದು ಇಷ್ಟು: ಪೂರ್ತಿ ತಣ್ಣಗಾದ ಲೆನ್ಸ್ ಅಷ್ಟು ಕಾಟ ಕೊಡುವುದಿಲ್ಲ. ಅರ್ಧ ಬೆಚ್ಚಗಿರುವ ಲೆನ್ಸೇ ಕಾಟ ಕೊಡುವುದು.

ಬೆಳಿಗ್ಗೆ ಏನಾಗುತ್ತದೆ ನೋಡಿ. ರಾತ್ರಿಯಿಡೀ ಒಲೆ ಉರಿಯುವ ಕೋಣೆಯಲ್ಲಿ ಲೆನ್ಸ್ ಬೆಚ್ಚಗೆ ಮಲಗಿರುತ್ತದೆ. ಚಿರತೆ ಕಂಡಿತು ಅಂತ ಚಿರತೆ ಹುಡುಕಿಕೊಡುವ ಸ್ಪಾಟರ್ ಕೂಗಿದ ಕೂಡಲೇ ಎಲ್ಲರೂ ಟ್ರೈಪಾಡ್ ಎತ್ತಿಕೊಂಡು ಓಡುತ್ತಾರೆ. ಹೊರಗಿನ ಗಾಳಿಗೂ ಲೆನ್ಸ್‌ಗೂ 30-40 ಡಿಗ್ರಿ ವ್ಯತ್ಯಾಸ. ಮುಂದಿನ ಗಾಜಿನಿಂದ ಬಿಸಿ ಗಾಳಿ ಏಳುತ್ತದೆ, ಲೆನ್ಸಿನ ಮುಂದೆ ಕೂರಿಸುವ ಉದ್ದದ ಕೊಳವೆ, ಅಂದರೆ ಹುಡ್‌ನೊಳಗೇ ತಣ್ಣನೆ ಗಾಳಿಯ ಜೊತೆ ಸುತ್ತುತ್ತದೆ. ಬೇಸಿಗೆಯಲ್ಲಿ ಟಾರು ರಸ್ತೆ ಮೇಲೆ ಗಾಳಿ ನಡುಗುತ್ತದಲ್ಲ, ಅದೇ ಆಟ ನಿಮ್ಮ ಹುಡ್‌ನೊಳಗೆ ನಡೆಯುತ್ತಿರುತ್ತದೆ. ಕ್ಯಾಮೆರಾಗೆ ಒಂದು ಗಟ್ಟಿಯಾದ ಅಂಚು ಸಿಗುವುದಿಲ್ಲ. ಫೋಕಸ್ ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ. ಲಾಕ್ ಆದರೂ ಫೋಟೋ ಮಸುಕು. ಹೀಟರ್ ಹಾಕಿದ ಗಾಡಿಯ ಕಿಟಕಿ ಇಳಿಸಿ ಅಲ್ಲಿಂದಲೇ ತೆಗೆದರೂ ಇದೇ ಗತಿ.

ಇದನ್ನು ಸ್ಥಳದಲ್ಲೇ ಪತ್ತೆ ಮಾಡಬಹುದು. ಪರದೆಯಲ್ಲಿ ದೊಡ್ಡದು ಮಾಡಿ ನೋಡಿ. ಚಿತ್ರ ನೀರಿನೊಳಗಿದ್ದಂತೆ ಅಲುಗುತ್ತಿದ್ದರೆ ಅದು ಗಾಳಿಯ ಕೆಲಸ, ಮೋಟರಿನದ್ದಲ್ಲ. ಈಗ ಹತ್ತಿಪ್ಪತ್ತು ಮೀಟರ್ ದೂರದ ಒಂದು ಕಲ್ಲಿಗೆ ಫೋಕಸ್ ಮಾಡಿ. ಕಲ್ಲು ಚೆನ್ನಾಗಿ ಬಂದು, ಎದುರು ಬೆಟ್ಟದ ಚಿರತೆ ಮಾತ್ರ ಮಸುಕಾದರೆ ನಡುವಿನ ಕಣಿವೆಯ ಗಾಳಿ ಬಿಸಿಲಿಗೆ ಕದಡಿದೆ ಎಂದರ್ಥ. ಅದಕ್ಕೆ ಯಾವ ಲೆನ್ಸೂ ಔಷಧಿಯಲ್ಲ, ಬೆಳಿಗ್ಗೆ ಬೇಗ ಬರಬೇಕು ಅಥವಾ ಹತ್ತಿರ ಹೋಗಬೇಕು. ಎರಡೂ ಮಸುಕಾದರೆ ಮೊದಲು ನಿಮ್ಮ ಲೆನ್ಸಿನ ಬಿಸಿಯನ್ನೇ ಅನುಮಾನಿಸಿ. ಹುಡ್ ತೆಗೆದಿಡಿ, ಕಾಯಿರಿ. ದೊಡ್ಡ ಲೆನ್ಸ್ ತಣ್ಣಗಾಗಲು ಅರ್ಧ ಗಂಟೆಗಿಂತ ಜಾಸ್ತಿಯೇ ಬೇಕಾಗಬಹುದು. ಅದಕ್ಕೇ ನಮ್ಮ ತಂಡದಲ್ಲಿ ಲೆನ್ಸ್‌ಗಳು ರಾತ್ರಿ ಬ್ಯಾಗಿನೊಳಗೆ, ಒಲೆಯಿಲ್ಲದ ಕೋಣೆಯಲ್ಲೇ ಇರುತ್ತವೆ. ಮೊದಮೊದಲು ಎಲ್ಲರೂ ನನ್ನನ್ನು ಬೈದರು. ಲಕ್ಷಗಟ್ಟಲೆ ಕೊಟ್ಟ ವಸ್ತುವನ್ನು ಚಳಿಯಲ್ಲಿ ಬಿಡಿ ಅಂದರೆ ಯಾರಿಗೆ ಹೊಟ್ಟೆ ಉರಿಯಲ್ಲ, ಅಲ್ವಾ?

ಕೆಲವರು ಪ್ರೀತಿ ಜಾಸ್ತಿಯಾಗಿ ಲೆನ್ಸ್‌ಗೆ ಕೈ ಬಿಸಿ ಮಾಡುವ ಪೊಟ್ಟಣ ಕಟ್ಟುತ್ತಾರೆ. ರಾತ್ರಿ ನಕ್ಷತ್ರ ತೆಗೆಯುವವರಿಗೆ ಗಾಜಿನ ಮೇಲೆ ಇಬ್ಬನಿ ಕೂರದಿರಲು ಅದು ಸರಿ. ಉದ್ದ ಲೆನ್ಸಿಗೆ ಬೇಡ. ಒಂದು ಕಡೆ ಬಿಸಿ, ಒಂದು ಕಡೆ ತಂಪು ಮಾಡಿ ನೀವೇ ತೊಂದರೆ ತಂದುಕೊಂಡ ಹಾಗೆ. ಇನ್ನೊಂದು ಉಪಾಯ, ಫೋಕಸ್ ರಿಂಗನ್ನು ಇನ್ಫಿನಿಟಿಗೆ, ಅಂದರೆ ತೀರಾ ದೂರದ ಗುರುತಿಗೆ ತಿರುಗಿಸಿ ಟೇಪ್ ಹಚ್ಚುವುದು. ದೊಡ್ಡ ಲೆನ್ಸ್‌ಗಳ ಫೋಕಸ್ ಇನ್ಫಿನಿಟಿ ಗುರುತನ್ನು ದಾಟಿಯೂ ಹೋಗುತ್ತದೆ. ಅದು ತಯಾರಿಕೆಯ ದೋಷವಲ್ಲ. ತಾಪಮಾನ ಬದಲಾದರೆ ಫೋಕಸ್ ಜಾಗವೂ ಸರಿಯುತ್ತದೆ ಅಂತ ಬೇಕೆಂದೇ ಬಿಟ್ಟ ಜಾಗ. ಬೆಳಿಗ್ಗೆ ಹಚ್ಚಿದ ಟೇಪು ಮಧ್ಯಾಹ್ನಕ್ಕೆ ಸುಳ್ಳು ಹೇಳಬಹುದು.

ಬೆಚ್ಚಗಿಡಬೇಕಾದದ್ದು ಬ್ಯಾಟರಿ. ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಏರುತ್ತದೆ. ದೊಡ್ಡ ಲೆನ್ಸಿನ ಮೋಟರ್ ಒಮ್ಮೆಲೇ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ಫೋಕಸ್ ನಿಧಾನವಾದರೆ ಮೋಟರ್ ಹೋಯ್ತು ಅಂದುಕೊಳ್ಳುವ ಮೊದಲು, ಒಳ ಜೇಬಿನಿಂದ ಬೆಚ್ಚಗಿನ ಬ್ಯಾಟರಿ ತೆಗೆದು ಹಾಕಿ ನೋಡಿ. ಚುರುಕಾದರೆ ಕಥೆ ಮುಗಿಯಿತು. ಹಳೆಯದನ್ನು ಎಸೆಯಬೇಡಿ, ಮೈ ಬಿಸಿಗೆ ಅದೂ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಆದರೆ ಮಂಜಿನಂತೆ ತಣ್ಣಗಿರುವ ಬ್ಯಾಟರಿಯನ್ನು ಹಾಗೇ ಚಾರ್ಜಿಗೆ ಹಾಕಬೇಡಿ. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಕಟ್ಟಿಕೊಂಡು ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ.

ಹಾಗಾದರೆ ಲೆನ್ಸ್‌ನಲ್ಲಿ ಚಳಿಯಿಂದ ಏನೂ ಆಗುವುದೇ ಇಲ್ಲವಾ? ಆಗುತ್ತದೆ. ಒಳಗಿನ ಗ್ರೀಸ್ ಗಟ್ಟಿಯಾಗುತ್ತದೆ, ಹಳೆಯ ಲೆನ್ಸ್‌ಗಳಲ್ಲಿ ಇನ್ನೂ ಜಾಸ್ತಿ. ಶೂಟ್ ಶುರುಮಾಡುವ ಮೊದಲು ಹತ್ತಿರಕ್ಕೆ, ದೂರಕ್ಕೆ ಒಂದೆರಡು ಸಲ ಫೋಕಸ್ ಓಡಿಸಿದರೆ ಸಡಿಲವಾಗುವುದುಂಟು. ಫೋಕಸ್ ರಿಂಗ್‌ಗೆ ಗಾಜಿನ ಜೊತೆ ನೇರ ಸಂಪರ್ಕವಿರುವ ಲೆನ್ಸ್‌ಗಳಲ್ಲಿ ಕೈಯಿಂದಲೇ ತಿರುಗಿಸಬಹುದು. ಈಗಿನ ಬಹಳಷ್ಟು ಮಿರರ್‌ಲೆಸ್ ಲೆನ್ಸ್‌ಗಳಲ್ಲಿ ಆ ರಿಂಗ್ ಕೂಡ ಮೋಟರಿಗೆ ಹೇಳಿ ಕಳಿಸುತ್ತದೆ ಅಷ್ಟೇ. ಕರೆಂಟ್ ಇಲ್ಲದಿದ್ದರೆ ಮ್ಯಾನ್ಯುಯಲ್ ಫೋಕಸೂ ಇಲ್ಲ. ಇದು ಗೊತ್ತಿಲ್ಲದೆ ರಿಂಗ್ ಜಾಮ್ ಆಗಿದೆ ಅಂತ ತರುವವರಿದ್ದಾರೆ.

ನಗಬೇಡಿ, ಸ್ವಿಚ್ಚನ್ನೂ ನೋಡಿ. ದಪ್ಪ ಗ್ಲೌಸ್ ಹಾಕಿದ ಕೈ ತಗುಲಿ ಎಎಫ್ (ಆಟೋಫೋಕಸ್) ಇದ್ದದ್ದು ಎಂಎಫ್ (ಮ್ಯಾನ್ಯುಯಲ್ ಫೋಕಸ್) ಆಗಿರುತ್ತದೆ, ಇಲ್ಲವೇ ಎಷ್ಟು ದೂರದಿಂದ ಎಷ್ಟು ದೂರದವರೆಗೆ ಫೋಕಸ್ ಹುಡುಕಬೇಕು ಅಂತ ಮಿತಿ ಹಾಕುವ ಸ್ವಿಚ್ ಸರಿದಿರುತ್ತದೆ. ಕ್ಯಾಮೆರಾ ಲೆನ್ಸನ್ನು ಗುರುತಿಸದೆ ಎರರ್ ತೋರಿಸಿದರೆ ಲೆನ್ಸ್ ತೆಗೆದು ಹಿಂದಿನ ಚಿನ್ನದ ಬಣ್ಣದ ಬಿಂದುಗಳನ್ನು ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಲೆನ್ಸ್, ಕ್ಯಾಮೆರಾ ನಡುವೆ ಹಾಕಿ ದೂರದ್ದನ್ನು ಇನ್ನೂ ದೊಡ್ಡದಾಗಿ ತೋರಿಸುವ ಟೆಲಿಕನ್ವರ್ಟರ್ ಇದ್ದರೆ ಅದರ ಎರಡೂ ಬದಿ. ಬಾಯಿಂದ ಊದಬೇಡಿ, ಉಸಿರಿನ ತೇವ ಅಲ್ಲೇ ಹೆಪ್ಪುಗಟ್ಟುತ್ತದೆ.

ಹಿಮ ಬೀಳುವಾಗ ಫೋಕಸ್ ಚಿರತೆ ಬಿಟ್ಟು ಹಿಮದ ಹನಿ ಹಿಡಿಯುವುದು ಬೇರೆಯೇ ವಿಷಯ, ಅದು ಸೆಟ್ಟಿಂಗ್‌ನಲ್ಲಿ ಸರಿಯಾಗುತ್ತದೆ. ಅಡ್ಡ ಬಂದದ್ದಕ್ಕೆ ತಕ್ಷಣ ಜಿಗಿಯಬಾರದು ಅಂತ ಕ್ಯಾಮೆರಾಗೆ ಹೇಳಬೇಕು. ಸೋನಿಯಲ್ಲಿ ಅದಕ್ಕೆ 1 ಇಡಬೇಕು, ನಿಕಾನ್‌ನಲ್ಲಿ 5. ಒಂದಕ್ಕೊಂದು ಉಲ್ಟಾ! ಎರಡೂ ಬ್ರ್ಯಾಂಡ್ ಇರುವ ತಂಡದಲ್ಲಿ ಒಬ್ಬರ ಸಲಹೆ ಇನ್ನೊಬ್ಬರಿಗೆ ಕೊಟ್ಟು ಗಲಾಟೆಯಾಗುವುದು ಇಲ್ಲೇ.

ಸಂಜೆ ವಾಪಸಾದಾಗ ತಣ್ಣನೆ ಕ್ಯಾಮೆರಾವನ್ನು ಒಲೆಯ ಕೋಣೆಗೆ ಹಾಗೇ ಒಯ್ದರೆ ಅಡುಗೆಯ ಹಬೆ, ಉಸಿರಿನ ತೇವ ಎಲ್ಲ ಅದರ ಮೇಲೆ ನೀರಾಗಿ ಕೂರುತ್ತದೆ, ಒಳಗೂ ಹೋಗಬಹುದು. ಹೊರಗೇ ಮೆಮೊರಿ ಕಾರ್ಡ್, ಬ್ಯಾಟರಿ ತೆಗೆದುಕೊಳ್ಳಿ. ಫೋಟೋ ನೋಡುವ ಆತುರ ಯಾರನ್ನೂ ಬಿಡುವುದಿಲ್ಲ. ಕ್ಯಾಮೆರಾ, ಲೆನ್ಸನ್ನು ಜಿಪ್ ಚೀಲಕ್ಕೆ ಹಾಕಿ, ಗಾಳಿ ಹೊರಗೆ ಒತ್ತಿ, ಮುಚ್ಚಿ ಬ್ಯಾಗಿನಲ್ಲೇ ಬಿಡಿ.

ಇಷ್ಟೆಲ್ಲ ನೋಡಿದ ಮೇಲೂ ಫೋಕಸ್ ಸರಿಯಾಗದಿದ್ದರೆ ಧಾರಾಳವಾಗಿ ರಿಪೇರಿಗೆ ತನ್ನಿ. ಬರುವಾಗ ಮಸುಕಾದ ಫೋಟೋಗಳನ್ನು ಅಳಿಸದೆ ತನ್ನಿ, ಚೆನ್ನಾಗಿ ಬಂದವನ್ನಷ್ಟೇ ಇಟ್ಟುಕೊಂಡರೆ ನನಗೆ ಏನೂ ಗೊತ್ತಾಗುವುದಿಲ್ಲ. ಯಾವ ಕ್ಯಾಮೆರಾ ಬಾಡಿ, ಟೆಲಿಕನ್ವರ್ಟರ್ ಇತ್ತೋ ಇಲ್ಲವೋ, ಬೆಚ್ಚಗಿನ ಬ್ಯಾಟರಿ ಹಾಕಿದಾಗ ಏನಾಯಿತು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. "ಚಳಿಗೆ ಹಾಳಾಗಿದೆ" ಅಂತ ಮಾತ್ರ ಬರೆದರೆ ನಾನು ಅದನ್ನು ಫ್ರಿಜ್ಜಿನಲ್ಲಿಟ್ಟು ನೋಡುವುದಿಲ್ಲ.