ಕಯಾಕ್ ಆ ಕಡೆ ಬಿಡೋದಿಲ್ಲ

ಸಾನ್ ಡಿಯಾಗೋದಿಂದ ಕಾರಿನಲ್ಲಿ ದಕ್ಷಿಣಕ್ಕೆ ಎರಡು ದಿನದ ದಾರಿ. ಗಡಿ ದಾಟಿ ಮೆಕ್ಸಿಕೋದ ಬಾಹಾ ಮರುಭೂಮಿಯಲ್ಲಿ ಎಂಟುನೂರು ಚಿಲ್ಲರೆ ಕಿ.ಮೀ. ಓಡಿಸಿದರೆ ಸಾನ್ ಇಗ್ನಾಸಿಯೋ ಅಂತ ಖರ್ಜೂರದ ತೋಪಿನ ಊರು ಸಿಗುತ್ತದೆ. ಅಲ್ಲಿಂದ ಸಮುದ್ರದ ಕಡೆ ಇನ್ನೊಂದು 60 ಕಿ.ಮೀ. ಹೋದರೆ ಅದೇ ಹೆಸರಿನ ಹಿನ್ನೀರು, ಬೂದು ತಿಮಿಂಗಿಲಗಳು ಹೆರಲು ಬರುವ ಜಾಗ. (ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ನಮ್ಮ ಪಾಸ್‌ಪೋರ್ಟಿಗೆ ಮೆಕ್ಸಿಕೋ ವೀಸಾ ಬೇಡ. ತುಂಬಾ ಜನ ಕೇಳುತ್ತಾರೆ, ಅದಕ್ಕೇ ಬರೆದೆ.)

ತಿಮಿಂಗಿಲದ ಪಕ್ಕದಲ್ಲೇ ಕಯಾಕ್ ಹುಟ್ಟು ಹಾಕಬೇಕು ಅಂತ ನನ್ನ ಆಸೆ. ಕ್ಯಾಂಪಿನವರು ಮೊದಲ ಸಂಜೆಯೇ ತಣ್ಣೀರು ಎರಚಿದರು. ಕಯಾಕ್ ಏನಿದ್ದರೂ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಡೆ ಮಾತ್ರ. ತಿಮಿಂಗಿಲ ನೋಡೋಕೆ ಊರಿನ ಮೀನುಗಾರರ ಪಾಂಗಾ ದೋಣಿಯಲ್ಲೇ ಹೋಗಬೇಕು. ಅದೂ ಒಂದು ಸಲಕ್ಕೆ 16 ದೋಣಿ, ಒಬ್ಬೊಬ್ಬರಿಗೆ ಒಂದೂವರೆ ಗಂಟೆ. ಹಿನ್ನೀರಿನ ಒಳಭಾಗ ತಾಯಿ-ಮರಿಗಳಿಗೇ ಮೀಸಲು, ಅಲ್ಲಿಗೆ ಪ್ರವಾಸಿಗರ ದೋಣಿ ಹೋಗುವಂತಿಲ್ಲ. ಇಷ್ಟು ದೂರ ಬಂದು ಕ್ಯೂ ನಿಲ್ಲೋದಾ ಅಂತ ಒಳಗೇ ಗೊಣಗಿದೆ.

ಮರುದಿನ ನಮ್ಮ ಸರದಿ ಬಂತು. ದೋಣಿಯವ ತಿಮಿಂಗಿಲಗಳ ಹಿಂದೆ ಓಡಿಸಲಿಲ್ಲ. ಒಂದು ಕಡೆ ನಿಧಾನ ಮಾಡಿ ಸುಮ್ನೆ ಕೂತ. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಪಕ್ಕದಲ್ಲೇ ಭುಸ್ ಅಂತ ಉಸಿರು ಬಿಟ್ಟಿತು, ಮುಖಕ್ಕೆಲ್ಲ ತುಂತುರು. ಕುಮಟಾ ಮೀನುಪೇಟೆಯ ಮಧ್ಯಾಹ್ನದ ವಾಸನೆ! ತಾಯಿ ನಮ್ಮ ದೋಣಿಗಿಂತ ಉದ್ದ. ಮೈಮೇಲೆಲ್ಲ ಬಿಳಿ ಚಿಪ್ಪು ಅಂಟಿಕೊಂಡ ಬೂದು ಬಂಡೆ. ಮರಿ ಅದರ ಬೆನ್ನ ಮೇಲಿಂದ ಜಾರಿ ಬಂದು ದೋಣಿಯ ಅಂಚಿಗೆ ಮೂತಿ ಇಟ್ಟಿತು. ಅದಾಗಿಯೇ ಬಂದರೆ ಮಾತ್ರ ಕೈ ಚಾಚಬಹುದು. ಚಾಚಿದೆ. ಎಣ್ಣೆ ಸವರಿದ ಬದನೆಕಾಯಿಯಷ್ಟು ನುಣುಪು. ಮೂತಿಯ ಮೇಲೆ ಸಣ್ಣ ಸಣ್ಣ ಗುಳಿ, ಒಂದೊಂದು ಗುಳಿಯಲ್ಲೂ ಒಂದೇ ಒಂದು ಬಿರುಸು ಕೂದಲು.

ಆರ್ಕ್‌ಟಿಕ್ ಕಡೆಯ ಸಮುದ್ರದಿಂದ 8,000 ಕಿ.ಮೀ.ಗೂ ಜಾಸ್ತಿ ಈಜಿ ಬಂದು ಇಲ್ಲಿ ಹೆರುತ್ತವೆ. ಇಲ್ಲಿ ತಾಯಿಗೆ ಹೆಚ್ಚುಕಮ್ಮಿ ಉಪವಾಸ, ಮೈಯ ಕೊಬ್ಬು ಕರಗಿಸಿಯೇ ಹಾಲು ಕೊಡಬೇಕು. ದೋಣಿ ಅಟ್ಟಿಸಿಕೊಂಡು ಹೋದರೆ ಆ ಕೊಬ್ಬೂ ಓಡುವುದಕ್ಕೇ ಖರ್ಚು. ಇದನ್ನು ಕೇಳಿದ ಮೇಲೆ ನನ್ನ ಗೊಣಗಾಟ ನಿಂತಿತು.

ಈ ಕರಾವಳಿಯ ಹಳೆ ಕಥೆ ಚೆನ್ನಾಗಿಲ್ಲ. 1857ರಲ್ಲಿ ಚಾರ್ಲ್ಸ್ ಸ್ಕ್ಯಾಮನ್ ಎಂಬ ಅಮೆರಿಕನ್ ತಿಮಿಂಗಿಲ ಬೇಟೆಗಾರ ಇಲ್ಲಿಂದ ಉತ್ತರಕ್ಕಿರುವ ಹಿನ್ನೀರಿಗೆ ಹಡಗು ನುಗ್ಗಿಸಿದ. ಆ ಕಾಲದಲ್ಲಿ ಹೆರಲು ಬಂದ ತಾಯಂದಿರನ್ನೇ ಕೊಲ್ಲುತ್ತಿದ್ದರು. ಮರಿ ಉಳಿಸಿಕೊಳ್ಳೋಕೆ ತಾಯಿ ದೋಣಿ ಒಡೆದರೆ ಅದಕ್ಕೇ ‘ದೆವ್ವದ ಮೀನು’ ಅಂತ ಹೆಸರು! ಆ ಹೆದರಿಕೆ ಎಷ್ಟಿತ್ತೆಂದರೆ ಇಲ್ಲಿನ ಮೀನುಗಾರರೂ ದೂರವೇ ಇರುತ್ತಿದ್ದರು. 1972ರಲ್ಲಿ ಪಾಚಿಕೋ ಮಾಯೋರಾಲ್ ಎಂಬ ಮೀನುಗಾರನ ದೋಣಿಗೆ ಒಂದು ತಿಮಿಂಗಿಲ ತಾನಾಗಿಯೇ ಬಂದು ಮೈ ಉಜ್ಜಿತು, ಅವರು ಹೆದರುತ್ತಲೇ ಮುಟ್ಟಿದರು. ಮುಂದೆ ಇಲ್ಲಿ ದೊಡ್ಡ ಉಪ್ಪಿನ ಕಾರ್ಖಾನೆ ಬರುವುದಿತ್ತು. ವಿರೋಧ ಜೋರಾಗಿ, 2000ದಲ್ಲಿ ಮೆಕ್ಸಿಕೋ ಅಧ್ಯಕ್ಷರೇ ಅದನ್ನು ಕೈಬಿಟ್ಟರು.

ಕಾಂಡ್ಲಾ ಕಥೆ ಹೇಳೋಕೆ ಸ್ವಲ್ಪ ನಾಚಿಕೆ. ಅಘನಾಶಿನಿ ದಂಡೆಯವನು ನಾನು, ಬಳಚು (ಚಿಪ್ಪುಮೀನು) ಹೆಕ್ಕುವವರು ಇಳಿತದ ಹೊತ್ತು ನೋಡಿ ಹೊಳೆಗೆ ಇಳಿಯೋದನ್ನು ನೋಡುತ್ತಲೇ ಬೆಳೆದವನು. ಇಲ್ಲಿಯ ಕಾಂಡ್ಲಾ ನಮ್ಮದರಷ್ಟು ಎತ್ತರ ಇಲ್ಲ. ಪೆಸಿಫಿಕ್‌ನ ಈ ಕಡೆಯ ದಂಡೆಯಲ್ಲಿ ಇದಕ್ಕಿಂತ ಬಹಳ ಉತ್ತರಕ್ಕೆ ಅದು ಬೆಳೆಯೋದೂ ಇಲ್ಲ. ಆದರೆ ಬೇರು ಅದೇ ಊರುಗೋಲು, ಮರದಲ್ಲೇ ಮೊಳೆತು ನೇತಾಡುವ ಬೀಜ ಅದೇ ಮೋಟು ನುಗ್ಗೆಕಾಯಿ. ಹಿಂದೆ ಮರಳುಗಾಡು, ಮುಂದೆ ಹಸಿರು. ಫೋಟೋ ತೆಗೆಯುತ್ತಾ ಕೂತೆ. ನೀರು ಇಳಿದದ್ದು ಗೊತ್ತಾಗಲೇ ಇಲ್ಲ. ಕಯಾಕ್ ಕೆಸರಿಗೆ ಕೂತಿತು. ಇಳಿದರೆ ಮೊಣಕಾಲುದ್ದ ಕೆಸರು, ಒಂದು ಚಪ್ಪಲಿ ಅಲ್ಲೇ ಹೋಯಿತು. ಜೊತೆಯ ಹುಡುಗ ಹಗ್ಗ ಕಟ್ಟಿ ಎಳೆಯುವಷ್ಟರಲ್ಲಿ ಗಂಟೆ ಕಳೆದಿತ್ತು. ಬೇರು ಹಿಡಿದು ಎಳ್ಕೊಳ್ಳಬೇಡಿ, ಮುರಿಯುತ್ತದೆ ಅಂತ ಅವನು ಬೈದಿದ್ದೂ ಸರಿಯೇ.

ಈ ಸಲ ಮರಿಗಳು ಕಮ್ಮಿ ಅಂದ ನಮ್ಮ ದೋಣಿಯವ. 2016ರಲ್ಲಿ ಸುಮಾರು 27,000 ಇದ್ದ ಬೂದು ತಿಮಿಂಗಿಲಗಳು 2025ರ ಲೆಕ್ಕದಲ್ಲಿ 13,000ದ ಆಸುಪಾಸು. ಉತ್ತರದಲ್ಲಿ ಸಮುದ್ರದ ಮಂಜುಗಡ್ಡೆ ಕರಗಿ ಮೇವು ಕೆಟ್ಟಿದೆ. ಇಲ್ಲಿ ಎಷ್ಟು ಚೆನ್ನಾಗಿ ನೋಡಿಕೊಂಡರೂ ಅಲ್ಲಿಯ ಹಸಿವಿಗೆ ಇವನೇನು ಮಾಡಿಯಾನು?

ರಾತ್ರಿ ಊರಿಗೆ ಫೋನ್ ಮಾಡಿ ತಿಮಿಂಗಿಲ ಮುಟ್ಟಿದೆ ಅಂದೆ. ಆಯಿ ಒಂದು ಕ್ಷಣ ಸುಮ್ಮನಿದ್ದಳು. “ಕೈ ತೊಳ್ಕಂಡ್ಯಾ ತಮಾ?”

ಕೆಸರಿನ ಸುದ್ದಿ ಹೇಳಲಿಲ್ಲ.